‘ಉತ್ತಮ’ ಅಂದ್ರೆ ಯಾರಿಗಿಂತ?

ವಸಂತನರಸಾಪುರದಲ್ಲಿ ಶಿಫ್ಟ್ ಮುಗಿಸಿ ಫ್ಯಾಕ್ಟರಿ ಗೇಟಿನ ಎದುರಿನ ಟೀ ಅಂಗಡಿ ಮುಂದೆ ನಿಂತಿದ್ವಿ. ಗೆಳೆಯ ಸಿಗರೇಟು ಹಚ್ಕೊಂಡು ಮೊಬೈಲನ್ನ ನನ್ನ ಮುಖಕ್ಕೆ ಹಿಡಿದ. ಎಂಜಲು ಕಳಿಸಿ ಮಾಡಿಸಿದ ಜೀನ್ ಟೆಸ್ಟಿನ ರಿಪೋರ್ಟು. ‘ಆಂಟಿಆಕ್ಸಿಡೆಂಟ್ ಸಾಮರ್ಥ್ಯ: ಉತ್ತಮ’ ಅಂತ ಹಸಿರು ಅಕ್ಷರದಲ್ಲಿತ್ತು. “ನೋಡ್ ಗುರೂ, ಲೈಸೆನ್ಸ್ ಸಿಕ್ತು!” ಅಂದ.

ಜನ ಪುಸ್ತಕ ವಿಮರ್ಶೆ ಮಾಡ್ತಾರೆ. ನಾನು ಈ ಒಂದು ಸಾಲಿನ ವಿಮರ್ಶೆ ಮಾಡ್ತೀನಿ.

ಸಾಲು ಪೂರ್ತಿ ಸುಳ್ಳಲ್ಲ. ಸಿಗರೇಟಿನ ಹೊಗೆ ಶ್ವಾಸಕೋಶದೊಳಗೆ ಜೀವಕೋಶ ಸುಡುವ ಕಣಗಳನ್ನ ಸುರೀತದೆ. ಅವನ್ನ ತಣಿಸೋಕೆ ದೇಹದಲ್ಲೇ ಕಿಣ್ವಗಳಿವೆ. ಆ ಕಿಣ್ವಗಳ ಜೀನ್ ಎಲ್ಲರಲ್ಲೂ ಒಂದೇ ಥರ ಇರಲ್ಲ. ಜಿಎಸ್‌ಟಿಎಂ1 ಅನ್ನೋ ಜೀನ್ ಎಷ್ಟೋ ಜನರಲ್ಲಿ ಇರೋದೇ ಇಲ್ಲ. ಹಾಗಾಗಿ ಒಂದೇ ಪ್ಯಾಕ್ ಸೇದಿದ ಇಬ್ಬರಿಗೆ ಒಂದೇ ಪೆಟ್ಟು ಬೀಳಬೇಕಂತಿಲ್ಲ.

ಆದ್ರೆ ‘ಉತ್ತಮ’ ಅನ್ನೋ ಪದ ನೋಡಿ. ಕೋಪನ್‌ಹೇಗನ್ ನಗರದ 9 ಸಾವಿರಕ್ಕೂ ಹೆಚ್ಚು ಜನರಲ್ಲಿ ಎಸ್‌ಒಡಿ3 ಜೀನಿನ ಒಂದು ಸಣ್ಣ ಬದಲಾವಣೆಯನ್ನ ಹುಡುಕಿದ್ರು. ಅದು ಇದ್ದವರಲ್ಲಿ ಕಿಣ್ವ ಅಂಗಾಂಶಕ್ಕೆ ಅಂಟಿಕೊಳ್ಳದೆ ರಕ್ತಕ್ಕೆ ಇಳಿದುಬಿಡುತ್ತೆ. 2006ರ ವರದಿ ಪ್ರಕಾರ ಅಂಥ ಧೂಮಪಾನಿಗಳಿಗೆ ಸಿಒಪಿಡಿ, ಅಂದ್ರೆ ಶ್ವಾಸನಾಳ ಕಿರಿದಾಗಿ ಏದುಸಿರು ಬರೋ ಕಾಯಿಲೆ, ಕಡಿಮೆ. ಗೆಳೆಯ ಗೆದ್ದ ಅನ್ಕೊಳ್ಳಿ. ಆದ್ರೆ 2004ರಲ್ಲೇ, ಅದೇ ನಗರದ ಅದೇ ಅಧ್ಯಯನದಲ್ಲಿ, ಅದೇ ಬದಲಾವಣೆ ಇದ್ದವರಿಗೆ ಹೃದಯದ ಕಾಯಿಲೆಯ ಅಪಾಯ ಜಾಸ್ತಿ ಅಂತ ಬಂದಿತ್ತು. ಶ್ವಾಸಕೋಶಕ್ಕೆ ಹಸಿರು ಅಂದ್ರೆ, ಹೃದಯಕ್ಕೆ ಯಾವ ಬಣ್ಣ ಬಳಿಯೋದು?

ಇನ್ನೊಂದು ಮಾತನ್ನ ರಿಪೋರ್ಟು ನುಂಗಿದೆ: ಉತ್ತಮ ಸರಿ, ಯಾರಿಗಿಂತ? ಸೇದುವ ಇನ್ನೊಬ್ಬನಿಗಿಂತ. ಸೇದದೇ ಇರೋನು ಆ ಲೆಕ್ಕದಲ್ಲೇ ಇಲ್ಲ. ಸೋತ ಇಬ್ಬರಲ್ಲಿ ಯಾರು ಕಡಿಮೆ ಸೋತರು ಅಂತ ಹೇಳಿ ಕಪ್ ಕೊಟ್ಟ ಹಾಗಾಯ್ತು.

‘ಹಾಗಿದ್ರೆ ಆಂಟಿಆಕ್ಸಿಡೆಂಟ್ ಮಾತ್ರೆ ನುಂಗ್ತೀನಿ’ ಅಂತೀರಾ? ಫಿನ್‌ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ಅದನ್ನೂ ನೋಡಿಯಾಯ್ತು. ಬೀಟಾ ಕ್ಯಾರೋಟಿನ್ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಹೆಚ್ಚಾಯ್ತು ಅಂತ 1994ರಲ್ಲಿ ವರದಿ ಬಂತು.

ಜೀನ್ ಕೇಳದ ಲೆಕ್ಕ ಒಂದಿದೆ. ಬ್ರಿಟನ್ನಿನ ವೈದ್ಯರನ್ನೇ 50 ವರ್ಷ ಗಮನಿಸಿ 2004ರಲ್ಲಿ ಬರೆದರು: ಸೇದುತ್ತಲೇ ಇದ್ದವರು ಸರಾಸರಿ 10 ವರ್ಷ ಮೊದಲೇ ಹೋದರು, 30ರ ವಯಸ್ಸಿಗೆ ಬಿಟ್ಟವರು ಆ ಹತ್ತನ್ನೂ ಹೆಚ್ಚುಕಮ್ಮಿ ಪೂರ್ತಿ ವಾಪಸ್ ಪಡೆದರು.

ಇಷ್ಟೂ ಹೇಳಿ, “ನಿಂಗೀಗ ಎಷ್ಟೋ?” ಅಂದೆ.

“ಇಪ್ಪತ್ತೊಂಬತ್ತು.”

ಇದು ಆ ರಿಪೋರ್ಟಿನಲ್ಲಿ ಎಲ್ಲೂ ಇರಲಿಲ್ಲ. ಇರಬೇಕಿದ್ದ ಸಂಖ್ಯೆ ಅದೊಂದೇ.