ಹಾಗರಳ ಅರ್ಧ ಉತ್ತರ

ಒಡತಿಯ ಕಿರುಕುಳವನ್ನು ತಾಳಲಾರದೆ ಓಡಿಹೋದ ಗರ್ಭಿಣಿ ದಾಸಿ ಹಾಗರಳನ್ನು ದೇವದೂತನು ಶೂರಿಗೆ ಹೋಗುವ ದಾರಿಯಲ್ಲಿ, ಬುಗ್ಗೆಯೊಂದರ ಬಳಿ ಕಾಣುತ್ತಾನೆ (ಆದಿಕಾಂಡ 16). ಅವಳು ಎಲ್ಲಿಂದ ಬಂದಳೆಂದೂ ಎಲ್ಲಿಗೆ ಹೊರಟಿರುವಳೆಂದೂ ವಿಚಾರಿಸುತ್ತಾನೆ. ಹಾಗರಳು ಮೊದಲನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತಾಳೆ. ನಿರಾಶ್ರಿತರ ಮಾನಸಿಕ ಆಘಾತದ ಚಿಕಿತ್ಸೆಯನ್ನು ಕುರಿತ ಗ್ರಂಥವೊಂದನ್ನು ಓದುತ್ತಿದ್ದಾಗ ಈ ಅರ್ಧ ಉತ್ತರವೇ ನನ್ನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸಿತು.

ಗ್ರಂಥದ ಹೆಸರು 'ನ್ಯಾರೇಟಿವ್ ಎಕ್ಸ್‌ಪೋಷರ್ ಥೆರಪಿ'. ಬರೆದವರು ಈ ವಿಧಾನವನ್ನು ರೂಪಿಸಿದ ಜರ್ಮನಿಯ ಮನೋವಿಜ್ಞಾನಿಗಳಾದ ಮ್ಯಾಗಿ ಶಾವರ್, ಫ್ರಾಂಕ್ ನಾಯ್ನರ್ ಮತ್ತು ಥೋಮಸ್ ಎಲ್ಬರ್ಟ್. 2005ರಲ್ಲಿ ಪ್ರಕಟವಾಗಿ 2011ರಲ್ಲಿ ಪರಿಷ್ಕೃತಗೊಂಡ ಈ ಕೈಪಿಡಿ ಹೊಸದೇನಲ್ಲ; ಆದರೂ ಪಾಲನಾ ಸೇವೆಗೆ ಸಿದ್ಧರಾಗುವವರು ಓದಬೇಕಾದ ಪುಸ್ತಕವಿದು. ಇದರ ಬೇರುಗಳಲ್ಲೊಂದು ಚಿಲಿ ದೇಶದಲ್ಲಿದೆ. ಅಲ್ಲಿ ಸೇನಾ ಸರ್ವಾಧಿಕಾರದ ಕಾಲದಲ್ಲಿ ಹಿಂಸೆಗೆ ಒಳಗಾದವರ ಸಾಕ್ಷ್ಯವನ್ನು ದಾಖಲಿಸುವ ಕಾರ್ಯವೇ ಅವರಿಗೆ ಔಷಧವೂ ಆಗಬಲ್ಲುದೆಂದು ಚಿಕಿತ್ಸಕರು ಕಂಡುಕೊಂಡಿದ್ದರು.

ವಿಧಾನ ಸರಳವಾಗಿದೆ. ನೆಲದ ಮೇಲೆ ಹಗ್ಗವೊಂದನ್ನು ಹಾಸುತ್ತಾರೆ. ಅದು ಆ ವ್ಯಕ್ತಿಯ ಜೀವನ. ಹುಟ್ಟಿನಿಂದ ಮೊದಲುಗೊಂಡು ಸಂತೋಷದ ಘಟನೆಗೆ ಒಂದು ಹೂವನ್ನು, ಭಯಾನಕ ಘಟನೆಗೆ ಒಂದು ಕಲ್ಲನ್ನು ಅವರೇ ಇಡುತ್ತಾ ಬರುತ್ತಾರೆ. ಹಗ್ಗದ ತುದಿಯನ್ನು ಸುರುಳಿಯಾಗಿಯೇ ಬಿಡುತ್ತಾರೆ. ಅದು ಇನ್ನೂ ಬಾಳಬೇಕಾದ ಬದುಕು. ಮುಂದಿನ ಭೇಟಿಗಳಲ್ಲಿ ಕಾಲಕ್ರಮದಲ್ಲಿ ಕಥನ ಸಾಗುತ್ತದೆ. ಕಲ್ಲು ಬಂದಾಗ ವೇಗ ತಗ್ಗುತ್ತದೆ: ಆಗ ಏನು ಕಂಡಿತು, ಏನು ಕೇಳಿಸಿತು, ಯಾವ ವಾಸನೆ ಬಂತು, ಮೈ ಏನಾಯಿತು, ಈಗ ಹೇಳುವಾಗ ಮೈ ಏನಾಗುತ್ತಿದೆ. ಭಯ ಇಳಿಯುವ ಮೊದಲು ಆ ದೃಶ್ಯವನ್ನು ಬಿಟ್ಟೇಳುವಂತಿಲ್ಲ. ಚಿಕಿತ್ಸಕನು ಬರೆದುಕೊಂಡದ್ದನ್ನು ಮುಂದಿನ ಭೇಟಿಯಲ್ಲಿ ಓದಿ ಹೇಳುತ್ತಾನೆ, ಹೇಳಿದವರು ತಿದ್ದುತ್ತಾರೆ. ಕೊನೆಗೆ ಇಡೀ ಜೀವನಚರಿತ್ರೆಗೆ ಸಹಿ ಬಿದ್ದು ಅದು ಅವರ ಕೈಸೇರುತ್ತದೆ.

ಇದರ ಹಿಂದಿನ ತರ್ಕವನ್ನು ಲೇಖಕರು ಸ್ಪಷ್ಟವಾಗಿ ವಿವರಿಸುತ್ತಾರೆ. ಆಘಾತದ ನೆನಪು ಎಲ್ಲಿ, ಯಾವಾಗ ಎಂಬ ನೆಲೆಯನ್ನು ಕಳೆದುಕೊಂಡು ಉರಿಯುತ್ತಿರುತ್ತದೆ. ಆದುದರಿಂದಲೇ ಅದು ಹಿಂದಿನದಾಗುವುದಿಲ್ಲ. ಅದಕ್ಕೆ ಊರನ್ನೂ ದಿನವನ್ನೂ ಮರಳಿ ಕೊಡುವುದೇ ಚಿಕಿತ್ಸೆ. ಉಗಾಂಡದ ಶಿಬಿರವೊಂದರಲ್ಲಿದ್ದ 43 ಸುಡಾನಿ ನಿರಾಶ್ರಿತರ ಮೇಲೆ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೇವಲ ನಾಲ್ಕು ಭೇಟಿಗಳ ಈ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ಬಳಿಕ ಆಘಾತೋತ್ತರ ವ್ಯಾಧಿ ಉಳಿದದ್ದು ಶೇಕಡ 29 ಮಂದಿಯಲ್ಲಿ. ಸಾಂತ್ವನದ ಸಮಾಲೋಚನೆ ಪಡೆದವರಲ್ಲಿ ಶೇಕಡ 79 ಮಂದಿಯಲ್ಲಿ. ಸಾಂತ್ವನವೇ ನಮ್ಮ ಕಸುಬು ಎಂದುಕೊಂಡಿರುವ ಗುರುಗಳು ಈ ಅಂಕಿಯ ಮುಂದೆ ಸ್ವಲ್ಪ ಹೊತ್ತು ಕೂರುವುದು ಒಳ್ಳೆಯದು. ಆದರೆ ನಕಿವಾಲೆ ಶಿಬಿರದ 277 ರ್ವಾಂಡನ್ ಹಾಗೂ ಸೊಮಾಲಿ ನಿರಾಶ್ರಿತರನ್ನು ಕುರಿತ 2008ರ ಅಧ್ಯಯನದಲ್ಲಿ ಅಂತರ ಅಷ್ಟಿಲ್ಲ. ಅಲ್ಲಿ ಚಿಕಿತ್ಸೆ ನೀಡಿದವರು ತರಬೇತಿ ಪಡೆದ ನಿರಾಶ್ರಿತರೇ. ಈ ವಿಧಾನದಿಂದ ಸುಮಾರು ಶೇಕಡ 70, ಅಷ್ಟು ಕಟ್ಟುನಿಟ್ಟಿಲ್ಲದ ಆಘಾತ-ಸಮಾಲೋಚನೆಯಿಂದ ಶೇಕಡ 65 ಮಂದಿ ವ್ಯಾಧಿಯಿಂದ ಹೊರಬಂದರು. ಚಿಕಿತ್ಸೆ ಪಡೆಯದೆ ಬರಿಯ ತಪಾಸಣೆಗೆ ಒಳಪಟ್ಟವರಲ್ಲಿ ಈ ಪ್ರಮಾಣ ಶೇಕಡ 37. ವಿಧಾನದಷ್ಟೇ, ಕೇಳುವವನು ಯಾರೆಂಬುದೂ ಮುಖ್ಯವಿರಬೇಕು ಎಂದು ನಾನು ಇದನ್ನು ಓದುತ್ತೇನೆ.

ಈ ಪುಸ್ತಕದಿಂದ ನಾವು ಕಲಿಯಬೇಕಾದದ್ದು ಅದರ ನಿಧಾನವನ್ನು. ಪ್ರಬೋಧನೆಯ ತರಗತಿಯಲ್ಲಿ ಶುಭಶುಕ್ರವಾರದ ಪ್ರಸಂಗವನ್ನು ಬರೆದು ತರಲು ಹೇಳಿದರೆ ಬಹುಪಾಲು ವಿದ್ಯಾರ್ಥಿಗಳು ಎರಡನೆಯ ಪುಟಕ್ಕಾಗಲೇ ಪುನರುತ್ಥಾನವನ್ನು ಮುಟ್ಟಿರುತ್ತಾರೆ. ಅವರನ್ನು ದೂರುವ ಅರ್ಹತೆ ನನಗಿಲ್ಲ. ಗುರುದೀಕ್ಷೆಯಾದ ಹೊಸತರಲ್ಲಿ, ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಆ ರಾತ್ರಿಯ ವಿಷಯ ಹೇಳತೊಡಗಿದಾಗ ನಾನು ಮಧ್ಯದಲ್ಲೇ ತಡೆದು ದೇವರ ಚಿತ್ತವನ್ನು ವಿವರಿಸಿದ್ದೆ. ಅವರು ಮತ್ತೆಂದೂ ಆ ಮಾತೆತ್ತಲಿಲ್ಲ. ಕತ್ತಲಲ್ಲೇ ಮುಗಿಯುವ 88ನೆಯ ಕೀರ್ತನೆಯನ್ನು ರಾತ್ರಿಯ ಪ್ರಾರ್ಥನಾವಿಧಿಯಲ್ಲಿ ವಾರವಾರವೂ ಹೇಳುವ ನಮಗೆ ಆ ಕತ್ತಲಲ್ಲಿ ನಿಲ್ಲುವ ಅಭ್ಯಾಸ ಮಾತ್ರ ಬಂದಿಲ್ಲ.

ಆದರೆ ಇಲ್ಲೇ ಒಂದು ಎಚ್ಚರಿಕೆ. ಈ ವಿಧಾನವನ್ನು ಪಾಪನಿವೇದನೆಯ ಪೀಠಕ್ಕೆ ತರಬಾರದು. ಕೈಪಿಡಿ ವಿವರಗಳನ್ನು ಕೇಳುತ್ತದೆ; ಸಂಸ್ಕಾರ ವಿವರಗಳನ್ನು ಕೆದಕಬಾರದೆನ್ನುತ್ತದೆ. ಅದಕ್ಕಿಂತ ಮುಖ್ಯ, ಪೀಠದ ಮುಂದೆ ಮಂಡಿಯೂರಿ ಹೇಳಿದ್ದೆಲ್ಲ ಪಾಪವಲ್ಲ. ಓಡಿಬರುವಾಗ ಅತ್ಯಾಚಾರಕ್ಕೆ ಒಳಗಾದ ಹೆಣ್ಣು, ತಮ್ಮನನ್ನು ಹಿಂದೆ ಬಿಟ್ಟು ಬಂದ ಹುಡುಗ, ಇವರು ತಮ್ಮ ನಾಚಿಕೆಯನ್ನು ಅಪರಾಧವೆಂದೇ ನಂಬಿ ಬರುತ್ತಾರೆ. ಅವಳ ಮೇಲೆ ಆದದ್ದಕ್ಕೆ ಗುರು ಕೈಯೆತ್ತಿ ಕ್ಷಮೆ ಸಾರಿದರೆ ಆ ನಾಚಿಕೆಗೆ ಧರ್ಮಸಭೆಯ ಮುದ್ರೆಯೊತ್ತಿದಂತೆ. ಅದು ಪಾಪವಲ್ಲವೆಂದು ಬಾಯಿಬಿಟ್ಟು ಹೇಳಿ, ಬೇರೆ ಸ್ಥಳದಲ್ಲಿ, ಬೇರೆ ಹೊತ್ತಿನಲ್ಲಿ, ಬಲ್ಲವರ ಬಳಿ ಮಾತನಾಡಲು ದಾರಿ ಮಾಡಿಕೊಡುವುದು ಗುರುವಿನ ಕೆಲಸ.

ಗ್ರಂಥದ ದೌರ್ಬಲ್ಯ ಹಾಗರಳು ಉತ್ತರಿಸದ ಪ್ರಶ್ನೆಯಲ್ಲಿದೆ. 'ಎಲ್ಲಿಂದ' ಎಂಬುದನ್ನು ಇಷ್ಟು ಶ್ರದ್ಧೆಯಿಂದ ಕೇಳುವ ವಿಧಾನ 'ಎಲ್ಲಿಗೆ' ಎಂಬುದನ್ನು ಸುರುಳಿಯಾಗಿ ಬಿಟ್ಟುಬಿಡುತ್ತದೆ. ಆಶ್ರಯದ ಅರ್ಜಿ ತೀರ್ಮಾನವಾಗದವನಿಗೆ ಅಪಾಯ ಬರಿಯ ನೆನಪಲ್ಲ, ನಾಳೆ ಬರಬಹುದಾದ ಕಾಗದ. ಅವನು ಅದೇ ಕಥೆಯನ್ನು ಅಧಿಕಾರಿಯ ಕೋಣೆಯಲ್ಲೂ ಹೇಳಬೇಕು. ಅಲ್ಲಿ ತಡವರಿಕೆ, ತಪ್ಪಿದ ತಾರೀಖು ಎಲ್ಲವೂ ಸುಳ್ಳಿನ ಗುರುತುಗಳಾಗುತ್ತವೆ. ಚಿಕಿತ್ಸಕನ ಕೋಣೆಯಲ್ಲಿ ಅವೇ ಗಾಯದ ಗುರುತುಗಳು. ಲೇಖಕರು ಇದನ್ನು ಅರಿಯದವರಲ್ಲ. ಸಹಿಯಾದ ಸಾಕ್ಷ್ಯಕ್ಕೆ ಮಾನವ ಹಕ್ಕುಗಳ ದಾಖಲೆಯ ಬೆಲೆಯೂ ಇದೆಯೆಂದು ಅವರು ಒತ್ತಿಹೇಳುತ್ತಾರೆ. ಆದರೆ ದಾಖಲೆಯನ್ನು ಯಾರು ಓದಬೇಕು, ಓದಿ ಏನು ಮಾಡಬೇಕು? ಯುದ್ಧದ ಸಂಕಟವನ್ನು ರೋಗವಾಗಿಸಿದರೆ ನ್ಯಾಯದ ಪ್ರಶ್ನೆ ಮರೆಯಾಗುತ್ತದೆ ಎಂಬ ಮನೋವೈದ್ಯ ಡೆರೆಕ್ ಸಮ್ಮರ್‌ಫೀಲ್ಡರ 1999ರ ಆಕ್ಷೇಪಕ್ಕೆ ಗ್ರಂಥದಲ್ಲಿ ತೃಪ್ತಿಕರ ಉತ್ತರ ನನಗೆ ಕಾಣಲಿಲ್ಲ. ಆ ಆಕ್ಷೇಪವನ್ನು ಪೂರ್ತಿ ಒಪ್ಪಲೂ ಆಗದು: ನಿದ್ದೆ ಬಾರದವಳಿಗೆ ನ್ಯಾಯ ಬರುವವರೆಗೆ ಕಾಯಲು ಹೇಳುವುದೂ ಕ್ರೌರ್ಯವೇ.

ನಮ್ಮ ಪವಿತ್ರ ಗ್ರಂಥವೂ ಇಲ್ಲಿ ಸುಲಭವಾಗಿ ಪಾರಾಗುವುದಿಲ್ಲ. ದೂತನು ಹಾಗರಳನ್ನು ಅದೇ ಒಡತಿಯ ಬಳಿಗೆ ಹಿಂದಿರುಗಲು ಹೇಳುತ್ತಾನೆ. ಅಪಾಯವಿರುವೆಡೆಗೆ ನಿರಾಶ್ರಿತರನ್ನು ಹಿಂದಟ್ಟಬಾರದೆಂಬುದು 1951ರ ನಿರಾಶ್ರಿತರ ಒಡಂಬಡಿಕೆಯ 33ನೆಯ ವಿಧಿ. ಭಾರತ ಇನ್ನೂ ಸಹಿ ಹಾಕದ ಒಡಂಬಡಿಕೆಯಿದು, 1960ರ ದಶಕದ ಆರಂಭದಿಂದ ಬೈಲುಕುಪ್ಪೆಯಲ್ಲಿ ಟಿಬೆಟಿಯನ್ನರಿಗೆ ನೆಲೆ ಕೊಟ್ಟಿದ್ದರೂ. ಹಾಗರಳ ಕಥೆಯನ್ನು ಬೋಧಿಸುವಾಗ ಈ ಆಜ್ಞೆಯನ್ನು ವಿಧೇಯತೆಯ ಪಾಠವಾಗಿಸಿ ದಾಟುವುದನ್ನು ನಾವು ನಿಲ್ಲಿಸಬೇಕು. 21ನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಆ ಮನೆಯೇ ಅವಳನ್ನು ಮಗುವಿನೊಂದಿಗೆ ಹೊರಹಾಕಿರುತ್ತದೆ. ತಿತ್ತಿಯ ನೀರು ಮುಗಿದಿರುತ್ತದೆ.