ಡಮಾಮಿಯ ದನಿಯೂ ಉತ್ಸವದ ವೇದಿಕೆಯೂ

ಉತ್ತರ ಕನ್ನಡ ಜಿಲ್ಲೆಯು ಕಡಲು, ಘಟ್ಟ, ಬಯಲುಗಳನ್ನು ಒಂದೇ ಮಡಿಲಲ್ಲಿ ಇಟ್ಟುಕೊಂಡ ಜಿಲ್ಲೆ. ಹೊನ್ನಾವರದ ಕಡೆಯ ಯಕ್ಷಗಾನ, ಅಂಕೋಲೆಯ ಸುಗ್ಗಿ ಕುಣಿತ, ಶಿರಸಿಯಲ್ಲಿ ಹೋಳಿಯ ಕಾಲದ ಬೇಡರ ವೇಷ, ಘಟ್ಟದ ಮೇಲೆ ಬಯಲುಸೀಮೆಯ ದೊಡ್ಡಾಟದ ಗಾಳಿ, ಹೀಗೆ ಒಂದೊಂದು ನೆಲಕ್ಕೆ ಒಂದೊಂದು ಕಲೆ ಒಗ್ಗಿ ಬಂದಿದೆ. ಮುಂಡಗೋಡ ತಾಲೂಕಿನ ಸನವಳ್ಳಿಯಂಥ ಊರಿನಲ್ಲಿ ನಿಂತವರಿಗೆ ಪೂರ್ವದ ಬಂಕಾಪುರದ ಬಯಲೂ ಪಶ್ಚಿಮದ ಯಲ್ಲಾಪುರದ ಕಾಡೂ ದೂರವಲ್ಲ. ಆ ಕಾಡಿನ ಅಂಚಿನ ಸಿದ್ದಿ ಜನಾಂಗದವರ ಡಮಾಮಿ ಕುಣಿತವನ್ನು ಕುರಿತು ಇಲ್ಲಿ ವಾಚಕರೊಡನೆ ನಾಲ್ಕು ಮಾತುಗಳನ್ನಾಡುವುದು ನಮ್ಮ ಉದ್ದೇಶ. ನಮ್ಮ ಮಠದ ಶಾಲೆಯಲ್ಲಿ ಓದಿದ ಎಷ್ಟೋ ಜನ ಈಗ ಜಾತ್ರಾ ಸಮಿತಿಗಳಲ್ಲಿ ಇದ್ದಾರೆ, ಶಿಕ್ಷಕರಾಗಿ ಶಾಲಾ ಸಮಾರಂಭಗಳನ್ನು ಏರ್ಪಡಿಸುತ್ತಾರೆ. ಕಲಾತಂಡಗಳನ್ನು ಕರೆಸುವವರು ಅವರೇ. ಆದುದರಿಂದ ಈ ಮಾತು ಅವರಿಗೆ ಸಂಬಂಧಿಸಿದ್ದು.

ಸಿದ್ದಿಯರ ಪೂರ್ವಜರು ಆಫ್ರಿಕಾ ಖಂಡದಿಂದ ಬಂದವರು. ಪೋರ್ತುಗೀಜರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಅಡವಿಗಳನ್ನು ಸೇರಿದವರು ಬಹಳ. ಇಂದು ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಮತ ಮೂರಾದರೂ ಹಿರಿಯರ ಪೂಜೆ ಮತ್ತು ಡಮಾಮಿ ಅವರನ್ನು ಒಂದೇ ಅಂಗಳಕ್ಕೆ ತರುತ್ತವೆ. ಡಮಾಮಿ ಎಂಬುದು ಚರ್ಮವಾದ್ಯದ ಹೆಸರು. ಅದರ ಬಡಿತಕ್ಕೆ ಕುಣಿಯುವ ಕುಣಿತಕ್ಕೂ ಅದೇ ಹೆಸರು. ಹಾಡು ಹೆಚ್ಚಾಗಿ ಅವರದೇ ಧಾಟಿಯ ಕೊಂಕಣಿಯಲ್ಲಿ, ಕನ್ನಡ ಮರಾಠಿಗಳ ಬೆರಕೆಯೊಡನೆ ಸಾಗುತ್ತದೆ. ಮದುವೆಯಂಥ ಸಂಭ್ರಮಗಳಲ್ಲಿ, ದುಡಿಮೆ ಮುಗಿದ ಇರುಳುಗಳಲ್ಲಿ ಹೆಣ್ಣುಮಕ್ಕಳು ಉಟ್ಟ ಸೀರೆಯಲ್ಲಿಯೇ ಹಾಡುತ್ತ ಕುಣಿಯುತ್ತಾರೆ. ನೋಡುವವರು ಬೇರೆ, ಆಡುವವರು ಬೇರೆ ಎಂಬ ಗೆರೆ ಅಲ್ಲಿಲ್ಲ.

ಉತ್ಸವದ ವೇದಿಕೆಯ ಮೇಲೆ ಇದೇ ಕಲೆ ಏನಾಗುತ್ತದೆ? ಕಲಾವಿದರಿಗೆ ಸಿಗುವುದು ಏಳೆಂಟು ನಿಮಿಷ. ಸೊಂಟಕ್ಕೆ ಸೊಪ್ಪು, ಮುಖಕ್ಕೆ ಬಣ್ಣದ ಗೆರೆ, ನಡುನಡುವೆ ಒಂದು ಕೂಗು. ನಿರೂಪಕರು "ಆಫ್ರಿಕಾ ಮೂಲದ ಬುಡಕಟ್ಟು ನೃತ್ಯ" ಎಂದಷ್ಟೇ ಹೇಳಿ ಸರಿಯುತ್ತಾರೆ. ಧ್ವನಿವರ್ಧಕವನ್ನು ವಾದ್ಯದ ಮುಂದೆ ಇರಿಸಿರುತ್ತಾರೆ. ಹಾಡುವ ತಾಯಿಯ ದನಿ ಮೊದಲ ಸಾಲಿಗೂ ಮುಟ್ಟುವುದಿಲ್ಲ. ಚಪ್ಪಾಳೆಗೇನೂ ಕೊರತೆಯಿಲ್ಲ. ಆದರೆ ಆ ಚಪ್ಪಾಳೆ ಯಾವುದಕ್ಕೆ ಬಿತ್ತು ಎಂದು ಸಹೃದಯರು ತಮ್ಮನ್ನೇ ಕೇಳಿಕೊಳ್ಳಬೇಕು.

ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ಹೇಳುತ್ತದೆ. ಡಮಾಮಿಯ ಜೀವ ಇರುವುದು ವಾಚಿಕದಲ್ಲಿ, ಅಂದರೆ ಹಾಡಿನ ನುಡಿಯಲ್ಲಿ ಮತ್ತು ಆ ನುಡಿಗೆ ಹೆಜ್ಜೆ ಕೊಡುವ ಉತ್ತರದಲ್ಲಿ. ಉತ್ಸವದವರು ಆ ವಾಚಿಕವನ್ನು ತೆಗೆದುಹಾಕಿ, ಮನೆಯಂಗಳದಲ್ಲಿ ಇಲ್ಲದ ಆಹಾರ್ಯವನ್ನು ತಂದು ಹೊದಿಸುತ್ತಾರೆ. ಔಚಿತ್ಯವೇ ರಸಕ್ಕೆ ಜೀವಿತವೆಂದು ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನು ಕಾವ್ಯವನ್ನು ಕುರಿತು ವಾದಿಸಿದನು. ಆ ಅಳತೆಗೋಲನ್ನು ಇಲ್ಲಿಟ್ಟು ನೋಡಿದರೆ ಸೊಪ್ಪಿನ ಉಡುಗೆ ಅನೌಚಿತ್ಯಕ್ಕೆ ಪಾಠದಂಥ ಉದಾಹರಣೆ. ಕಲಾವಿದರನ್ನು ದೂಷಿಸುವಂತಿಲ್ಲ, ಒಂದು ದಿನದ ಕೂಲಿ ಬಿಟ್ಟು ಬಂದವರು, ಕೇಳಿದ್ದನ್ನು ಕೊಡುತ್ತಾರೆ. ಕೇಳುವವರು ನಾವು.

ದೇಹವನ್ನು ನೋಡಿ ಮನುಷ್ಯನನ್ನು ಅಳೆಯುವ ಈ ಅಭ್ಯಾಸ ವೇದಿಕೆಗೆ ಮಾತ್ರ ಸೀಮಿತವಲ್ಲ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆಯ್ದು ತರಬೇತಿ ಕೊಡತೊಡಗಿದಾಗ ಮುಂದಿಟ್ಟ ಕಾರಣವೂ ಅವರ ಮೂಲವೇ. ಒಳ್ಳೆಯ ಓಟಗಾರರು ಬಂದರು, ಪದಕಗಳೂ ಬಂದವು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಕಾಡಿಗೆ ಮರಳಿದರು.

ಇದಕ್ಕೆ ಭಿನ್ನವಾದ ಒಂದು ಪ್ರಯತ್ನವನ್ನು ನೆನೆಯಬೇಕು. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಸಂಸ್ಥೆಯ ಚಿದಂಬರರಾವ್ ಜಂಬೆಯವರು ಸಿದ್ದಿಯರನ್ನೇ ನಟರನ್ನಾಗಿ ಮಾಡಿಕೊಂಡು ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವನ್ನು ಆಡಿಸಿದರು. ನೈಜೀರಿಯಾದ ಚಿನುವಾ ಅಚಿಬೆಯವರು 1958ರಲ್ಲಿ ಪ್ರಕಟಿಸಿದ ಕಾದಂಬರಿಯೇ ಅದಕ್ಕೆ ಆಧಾರ. ಇಲ್ಲಿಯೂ ಆಕ್ಷೇಪಕ್ಕೆ ಎಡೆಯಿದೆ: ಸಿದ್ದಿಯರ ಪೂರ್ವಜರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕೆಯವರು, ಕಥೆಯಾದರೋ ಪಶ್ಚಿಮ ಆಫ್ರಿಕೆಯದು, ಸಿದ್ದಿಯರೆಂದೊಡನೆ ಆಫ್ರಿಕೆಯ ಕೃತಿಯನ್ನೇ ಕೈಗೆತ್ತಿಕೊಳ್ಳಬೇಕೆ? ಆಕ್ಷೇಪ ಸರಿಯಾದದ್ದೇ. ಆದರೂ ನಮ್ಮ ತೀರ್ಪು ಆ ನಾಟಕದ ಕಡೆಗೇ ವಾಲುತ್ತದೆ. ಅಲ್ಲಿ ಸಿದ್ದಿಯರಿಗೆ ಮಾತು ಇತ್ತು, ಪಾತ್ರವಿತ್ತು, ತಾಲೀಮು ಇತ್ತು. ತಪ್ಪಿದರೆ ತಿದ್ದುವವರಿದ್ದರು. ತಿದ್ದಿಸಿಕೊಳ್ಳುವ ಅಧಿಕಾರವೂ ಕಲಾವಿದನಿಗೆ ಸಲ್ಲುವ ಒಂದು ಗೌರವ.

ಕರಾವಳಿಯ ಯಕ್ಷಗಾನಕ್ಕೆ ಈ ಗೌರವ ಧಾರಾಳವಾಗಿ ದೊರೆತಿದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ದಿನದಿಂದ ಇಂದಿನವರೆಗೆ ಅದರ ಹೆಜ್ಜೆ, ಅರ್ಥಗಾರಿಕೆ, ವೇಷಗಳನ್ನು ಕುರಿತು ಜಗಳಾಡದ ಊರಿಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಶೃಂಗಾರ ಅತಿಯಾಯಿತೆ ಎಂದು ಕೇಳುತ್ತಲೇ ಅವರ ಭಸ್ಮಾಸುರನಿಗಾಗಿ ರಾತ್ರಿಯಿಡೀ ಕುಳಿತವರು ನಮ್ಮ ಜನ. ಈ ಜಗಳವೇ ಆ ಕಲೆಗೆ ಬೇಲಿಯೂ ಗೊಬ್ಬರವೂ ಆಯಿತು. ಹಾಲಕ್ಕಿ ಒಕ್ಕಲಿಗರ ಸುಕ್ರಿ ಬೊಮ್ಮಗೌಡರನ್ನೇ ನೋಡಿ. ಅವರ ಕೊರಳ ಮಣಿಸರಗಳ ಚಿತ್ರವನ್ನು ತೆಗೆದವರು ಸಾವಿರ ಜನ. ಆದರೆ 2017ರಲ್ಲಿ ಪದ್ಮಶ್ರೀ ಬಂದುದು ನೆನಪಿನಲ್ಲಿ ಹೊತ್ತ ಹಾಡುಗಳಿಗಾಗಿ. ಯಾರೋ ಕುಳಿತು ಕೇಳಿದ್ದರಿಂದ ಆ ಹಾಡುಗಳು ಹೊರಗೆ ಬಂದವು. 2025ರಲ್ಲಿ ಆ ತಾಯಿ ತೀರಿಕೊಂಡರು.

ಸನವಳ್ಳಿಯ ತಾಲೂಕಿನಲ್ಲಿಯೇ ನೆಲೆಸಿದ ಟಿಬೆಟಿನ ಭಿಕ್ಷುಗಳು ಚಪ್ಪಾಳೆ ತಟ್ಟಿ ತರ್ಕ ಮಾಡುವುದನ್ನು ನೋಡಲು ಹೋದವರು, ಆ ಚಪ್ಪಾಳೆಯ ಅರ್ಥವೇನೆಂದು ಕೇಳದೆ ಬರುವುದಿಲ್ಲ. ಸಾವಿರಾರು ಮೈಲಿ ದಾಟಿ ಬಂದವರ ವಿಷಯದಲ್ಲಿ ಇರುವ ಈ ಜಿಜ್ಞಾಸೆ, ಶತಮಾನಗಳಿಂದ ಪಕ್ಕದ ಕಾಡಿನಲ್ಲಿರುವವರ ಹಾಡಿನ ವಿಷಯದಲ್ಲಿ ಏಕೆ ಹುಟ್ಟಲಿಲ್ಲ? 2003ರಲ್ಲಿ ಜಿಲ್ಲೆಯ ಸಿದ್ದಿಯರು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಸದನದಲ್ಲಿ ಅವರ ಮಾತನ್ನು ಕೇಳುವ ಕಾಲ ಬಂದಿದೆ. ಜಾತ್ರೆಯ ವೇದಿಕೆ ಇನ್ನೂ ಅಲ್ಲಿಗೆ ಬಂದಿಲ್ಲ.

ಮುಂದಿನ ಸಲ ತಾವು ಡಮಾಮಿ ತಂಡವನ್ನು ಕರೆಸುವಾಗ ಅರ್ಧ ಗಂಟೆಯ ಸಮಯ ಕೊಡಿ. ಸೊಪ್ಪು ಕಟ್ಟಿಕೊಂಡು ಬನ್ನಿರೆಂದು ಹೇಳಿಕಳಿಸಬೇಡಿ. ಹಾಡಿನ ಅರ್ಥವನ್ನು ಅವರಿಂದಲೇ ಮೊದಲು ಕೇಳಿ ಬರೆದುಕೊಂಡು, ನಿರೂಪಕರ ಕೈಗೆ ಆ ಚೀಟಿಯನ್ನು ಕೊಡಿ. ಧ್ವನಿವರ್ಧಕಗಳಲ್ಲಿ ಒಂದನ್ನಾದರೂ ಹಾಡುವ ತಾಯಿಯ ಮುಂದೆ ಇರಿಸಿ.