ವಿಠ್ಠಲನ ‘ಕಾನಡಾ’ ವಿಶೇಷಣ: ಒಂದು ಅರ್ಥವಿಚಾರ

ಪಂಢರಪುರದ ವಿಠ್ಠಲನನ್ನು ‘ಕಾನಡಾ’ ಎಂದೂ ‘ಕರ್ನಾಟಕು’ ಎಂದೂ ವಿಶೇಷಿಸುವ ಅಭಂಗವೊಂದು ಜ್ಞಾನೇಶ್ವರರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಈ ಪದಗಳ ಅರ್ಥನಿರ್ಣಯದಲ್ಲಿ ಮತಭೇದವುಂಟು. ಮರಾಠಿ ವ್ಯಾಖ್ಯಾತೃಗಳಲ್ಲಿ ಕೆಲವರು ಮೊದಲನೆಯದಕ್ಕೆ ‘ಬುದ್ಧಿಗೆ ನಿಲುಕದವನು’ ಎಂದೂ, ಎರಡನೆಯದಕ್ಕೆ ‘ಲೀಲಾನಾಟಕವನ್ನು ಆಡುವವನು’ ಎಂದೂ ಅರ್ಥಹೇಳುವರು. ಕನ್ನಡಿಗರಾದರೋ ಆ ಅಭಂಗವನ್ನು ದೇವರ ಮೇಲಣ ತಮ್ಮ ಹಕ್ಕುಪತ್ರವೆಂಬಂತೆ ಉದಾಹರಿಸುವುದುಂಟು. ಇವೆರಡು ಪಕ್ಷಗಳೂ ಕಾವ್ಯಕ್ಕೆ ನ್ಯಾಯವನ್ನು ಒದಗಿಸಲಾರವು.

ಮುಖ್ಯಾರ್ಥಕ್ಕೆ ಬಾಧೆ ಬಂದಲ್ಲದೆ ಲಕ್ಷಣೆಗೆ ಅವಕಾಶವಿಲ್ಲವೆಂಬುದು ಆಲಂಕಾರಿಕರ ಸಿದ್ಧಾಂತ. ಇಲ್ಲಿ ಬಾಧೆ ಯಾವುದು? ಜ್ಞಾನೇಶ್ವರಿಯು ಮುಗಿದುದು ಶಕ 1212ರಲ್ಲಿ, ಎಂದರೆ ಕ್ರಿ. ಶ. 1290ರಲ್ಲಿ. ಅದಕ್ಕೆ 53 ವರ್ಷಗಳ ಹಿಂದೆಯೇ, 1237ರಲ್ಲಿ, ಹೊಯ್ಸಳ ವೀರಸೋಮೇಶ್ವರನು ವಿಠ್ಠಲನಿಗೆ ಗ್ರಾಮದಾನ ಮಾಡಿದುದಕ್ಕೆ ಪಂಢರಪುರದ ಶಾಸನವೇ ಸಾಕ್ಷಿ. ಆದುದರಿಂದ ‘ಕನ್ನಡ ನಾಡಿನವನು’ ಎಂಬ ವಾಚ್ಯಾರ್ಥವು ಅಂದಿನ ಕೇಳುಗರಿಗೆ ಸಹಜವಾಗಿಯೇ ತೋರತಕ್ಕದ್ದು. ಇನ್ನು ‘ಅಗಮ್ಯ’ವೆಂಬ ಅರ್ಥವಾದರೂ ಎಲ್ಲಿಂದ ಬಂದಿತು? ಅರಿಯದವರ ಕಿವಿಗೆ ಕನ್ನಡನುಡಿಯು ಅಗಮ್ಯವಾಗಿದ್ದುದರಿಂದಲೇ. ದೇಶವಾಚಕವಾದ ಅರ್ಥವನ್ನು ಕಿತ್ತೊಗೆದರೆ ಶ್ಲೇಷವು ನಿಲ್ಲಲು ನೆಲೆಯೇ ಇಲ್ಲ.

ಹೆಸರಿನ ವಿಚಾರವೂ ಇದಕ್ಕೆ ಪೋಷಕವಾಗಿದೆ. ‘ವಿಷ್ಣು’ ಎಂಬುದೇ ಕನ್ನಡದಲ್ಲಿ ವಿಕಾರಹೊಂದಿ ‘ವಿಟ್ಠು’ ಆಯಿತೆಂದು ರಾ. ಗೋ. ಭಂಡಾರ್ಕರರು ಊಹಿಸಿದರು. ವಿಷ್ಣುವರ್ಧನನಿಗೆ ‘ಬಿಟ್ಟಿದೇವ’ನೆಂಬ ಹೆಸರಿದ್ದುದು ಸರ್ವವಿದಿತ, ಅವನ ಸ್ಮರಣೆಯು ಇಂದಿಗೂ ಮಂಡ್ಯ ಜಿಲ್ಲೆಯ ತೊಣ್ಣೂರಿನಲ್ಲಿ ಉಳಿದಿದೆ. ಮಂಡ್ಯ, ಮದ್ದೂರು, ಮಳವಳ್ಳಿಗಳ ಮನೆಗಳಲ್ಲಿ ಕೃಷ್ಣನೆಂಬ ಮಗುವನ್ನು ‘ಕಿಟ್ಟಿ’ ಎಂದು ಕೂಗುವವರೂ ತಿಳಿಯದೆಯೇ ಅದೇ ಮಾರ್ಗವನ್ನು ಅನುಸರಿಸುತ್ತಾರೆ.

ಆದರೆ ಇಷ್ಟರಿಂದ ದೇವರು ಕನ್ನಡಿಗರ ಸೊತ್ತೆಂದು ಸಾಧಿಸಿದಂತಾಗಲಿಲ್ಲ. ಶಾಸನವು ದಾತೃವಿನ ಭಕ್ತಿಯನ್ನು ಹೇಳುವುದೇ ಹೊರತು ದೇವರ ಮೂಲವನ್ನಲ್ಲ. ಶಬ್ದದ ಹುಟ್ಟು ಬೇರೆ, ಶಬ್ದಾರ್ಥದ ಹುಟ್ಟು ಬೇರೆ. ಅಭಂಗದ ಸ್ವಾರಸ್ಯವಿರುವುದು ಮರಾಠಿ ನುಡಿಯ ಕವಿಯು ತನ್ನ ಇಷ್ಟದೈವವನ್ನು ಪರನಾಡಿನವನೆಂದು ಕರೆದು, ಆ ಪರಕೀಯತೆಯಲ್ಲಿಯೇ ಮರುಳಾಗುವುದರಲ್ಲಿ. ತನ್ನವನೆಂದು ವಾದಿಸುವ ಕನ್ನಡಿಗನು ಆ ಬೆರಗನ್ನು ಕಳೆದುಕೊಳ್ಳುವನು. ‘ಅಗಮ್ಯ’ವೆಂದು ಮಾತ್ರ ಹೇಳುವ ವ್ಯಾಖ್ಯಾತೃವು ಆ ಬೆರಗಿನ ಕಾರಣವನ್ನೇ ಮರೆಯುವನು.

ಇದಕ್ಕೆ ಪ್ರತಿಯಾಗಿ ಕನ್ನಡದ ಹರಿದಾಸರನ್ನು ನೋಡಬಹುದು. ಶ್ರೀಪಾದರಾಜರ ‘ರಂಗವಿಠಲ’, ಪುರಂದರದಾಸರ ‘ಪುರಂದರವಿಠಲ’, ವಿಜಯದಾಸರ ‘ವಿಜಯವಿಠಲ’ ಈ ಅಂಕಿತಗಳಲ್ಲಿ ಭೀಮಾತೀರದ ದೇವರೇ ನೆಲೆಸಿದ್ದಾನೆ. ವಾರಕರಿಗಳು ಆಷಾಢ ಕಾರ್ತಿಕ ಏಕಾದಶಿಗಳಿಗೆ ಕಾಲ್ನಡೆಯಿಂದ ಅವನಲ್ಲಿಗೆ ಹೋಗುವರು. ದಾಸರು ಪದದ ಕೊನೆಯಲ್ಲಿ ಅವನನ್ನು ತಮ್ಮಲ್ಲಿಗೆ ಕರೆದುಕೊಂಡರು. ಅಭಂಗವನ್ನೂ ದಾಸರ ಪದವನ್ನೂ ಪಾಠಹೇಳುವ ಉಪಾಧ್ಯಾಯರು ವಿಠ್ಠಲನು ಯಾರವನೆಂಬ ವ್ಯಾಜ್ಯವನ್ನು ಬಿಟ್ಟು, ಎರಡು ನುಡಿಗಳು ಒಬ್ಬನನ್ನೇ ಕರೆದ ಎರಡು ರೀತಿಗಳನ್ನು ವಿದ್ಯಾರ್ಥಿಗಳಿಗೆ ತೋರಿಸುವುದು ಉಚಿತ.